ಉಲ್ಲೇಖಗಳ ಸಂಖ್ಯೆಯನ್ನು ಓದುವ ಬಗೆ

ಸಂಶೋಧನಾ ಮಾರ್ಗದರ್ಶಕರನ್ನು ಆಯ್ದುಕೊಳ್ಳುವ ವಿದ್ಯಾರ್ಥಿಗಳೂ ವಿಸ್ತರಣಾ ಕಾರ್ಯಕರ್ತರೂ ಇಂದು ಮೊದಲು ನೋಡುವುದು ವಿಜ್ಞಾನಿಯ ಪ್ರಬಂಧಗಳ ಪಟ್ಟಿ, ಒಟ್ಟು ಉಲ್ಲೇಖಗಳು ಮತ್ತು ಎಚ್-ಸೂಚ್ಯಂಕವನ್ನು. ನೇಮಕಾತಿ ಮತ್ತು ಪದೋನ್ನತಿಯಲ್ಲಿಯೂ ಇವುಗಳಿಗೆ ಮಹತ್ವವಿದೆ. ಆದ್ದರಿಂದ ಈ ಅಂಕಿಗಳನ್ನು ಸರಿಯಾಗಿ ಓದಲು ತಿಳಿದಿರುವುದು ಅವಶ್ಯ.

ಎಚ್-ಸೂಚ್ಯಂಕ ಎಂದರೇನು?

ಇದನ್ನು 2005ರಲ್ಲಿ ಭೌತವಿಜ್ಞಾನಿ ಹಿರ್ಷ್ ಸೂಚಿಸಿದರು. ಒಬ್ಬರ ಐದು ಪ್ರಬಂಧಗಳಿಗೆ ಕ್ರಮವಾಗಿ 40, 12, 6, 4 ಮತ್ತು 1 ಉಲ್ಲೇಖಗಳು ದೊರೆತಿವೆ ಎಂದುಕೊಳ್ಳಿ. ಕನಿಷ್ಠ 4 ಉಲ್ಲೇಖಗಳುಳ್ಳ ಪ್ರಬಂಧಗಳು 4 ಇರುವುದರಿಂದ ಸೂಚ್ಯಂಕವೂ 4. ಮೊದಲ ಪ್ರಬಂಧದ ಉಲ್ಲೇಖ 40ರಿಂದ 4,000ಕ್ಕೆ ಏರಿದರೂ ಸೂಚ್ಯಂಕ ಬದಲಾಗದು.

ಉಲ್ಲೇಖವು ಬಳಕೆಯ ಅಳತೆ

ಜೀವರಸಾಯನಶಾಸ್ತ್ರಜ್ಞ ಆಲಿವರ್ ಲೌರಿ ಮತ್ತು ಸಹೋದ್ಯೋಗಿಗಳು 1951ರಲ್ಲಿ ಪ್ರೋಟೀನ್ ಪ್ರಮಾಣವನ್ನು ಅಳೆಯುವ ವಿಧಾನವನ್ನು ಪ್ರಕಟಿಸಿದರು. ಅದಕ್ಕೆ 3 ಲಕ್ಷಕ್ಕೂ ಹೆಚ್ಚು ಉಲ್ಲೇಖಗಳು ದೊರೆತಿವೆ. ಅದು ಮಹತ್ತರ ಪ್ರಬಂಧವೇನಲ್ಲ ಎಂಬುದನ್ನು ಲೌರಿ ಅವರೇ ಒಪ್ಪಿಕೊಂಡಿದ್ದರು. ಅಸಂಖ್ಯ ಪ್ರಯೋಗಾಲಯಗಳಿಗೆ ಪ್ರೋಟೀನ್ ಅಳೆಯುವ ಅಗತ್ಯವಿತ್ತು. ವಿಧಾನ ಬಳಸಿದವರೆಲ್ಲ ಅದನ್ನು ಉಲ್ಲೇಖಿಸಿದರು.

ನಮ್ಮ ಕ್ಷೇತ್ರದಲ್ಲಿಯೂ ಹೀಗೆಯೇ. ಮಣ್ಣಿನ ಸಾವಯವ ಇಂಗಾಲಕ್ಕೆ ವಾಕ್ಲಿ ಮತ್ತು ಬ್ಲ್ಯಾಕ್ ಅವರ 1934ರ ವಿಧಾನವನ್ನೂ, ಲಭ್ಯ ಸಾರಜನಕಕ್ಕೆ ಸುಬ್ಬಯ್ಯ ಮತ್ತು ಅಸಿಜಾ ಅವರ 1956ರ ವಿಧಾನವನ್ನೂ ನಮ್ಮ ಸ್ನಾತಕೋತ್ತರ ಪ್ರಬಂಧಗಳು ಇಂದಿಗೂ ಉಲ್ಲೇಖಿಸುತ್ತವೆ.

ಎರಡು ಕ್ಷೇತ್ರಗಳು, ಎರಡು ಅಳತೆಗಳು

ಒಬ್ಬರೇ ವಿದ್ವಾಂಸರು ಬೀಜದ ಪ್ರೋಟೀನ್ ಕುರಿತೂ, ಆ ವಿಷಯವನ್ನು ತರಗತಿಯಲ್ಲಿ ಬೋಧಿಸುವ ಬಗೆ ಕುರಿತೂ ಸಂಶೋಧನೆ ನಡೆಸಬಹುದು. ಜೀವರಸಾಯನಶಾಸ್ತ್ರದ ಬೋಧನೆಗೆಂದೇ ಮೀಸಲಾದ ಅಂತರರಾಷ್ಟ್ರೀಯ ನಿಯತಕಾಲಿಕವೂ ಇದೆ. ಆದರೆ ಪ್ರಯೋಗಾಲಯದ ಪ್ರಬಂಧಗಳಲ್ಲಿ ಸಹಲೇಖಕರೂ ಉಲ್ಲೇಖಗಳೂ ಸಾಮಾನ್ಯವಾಗಿ ಹೆಚ್ಚು. ಅವುಗಳ ವಿಧಾನಗಳು ದೇಶಭಾಷೆಗಳ ಗಡಿಯಿಲ್ಲದೆ ಬಳಕೆಯಾಗುತ್ತವೆ. ಶಿಕ್ಷಣ ಸಂಶೋಧನೆಯಾದರೋ ಪಠ್ಯಕ್ರಮ, ಭಾಷೆ ಮತ್ತು ಸ್ಥಳಕ್ಕೆ ಹೊಂದಿಕೊಂಡಿದ್ದು, ಹಲವು ವೇಳೆ ಪುಸ್ತಕಗಳಲ್ಲಿಯೂ ಕೈಪಿಡಿಗಳಲ್ಲಿಯೂ ಹೊರಬರುತ್ತದೆ. ಉಲ್ಲೇಖ ದತ್ತಸಂಚಯಗಳು ಇಂತಹವನ್ನು, ವಿಶೇಷವಾಗಿ ಭಾರತೀಯ ಭಾಷೆಗಳಲ್ಲಿರುವುದನ್ನು, ಪೂರ್ಣವಾಗಿ ಒಳಗೊಳ್ಳುವುದಿಲ್ಲ. ಹೀಗಾಗಿ ಅವರ ಎರಡು ಬಗೆಯ ಕೆಲಸವನ್ನು ಒಂದೇ ಮೊತ್ತದಿಂದ ಅಳೆದರೆ ಬೋಧನೆಯ ಕೆಲಸ ಲೆಕ್ಕಕ್ಕೇ ಬಾರದೆ ಹೋಗುವ ಸಂಭವವಿದೆ.

ಗಮನಿಸಬೇಕಾದ ಅಂಶಗಳು

1. ಪ್ರತಿ ಕ್ಷೇತ್ರದ ಪ್ರಬಂಧಗಳನ್ನು ಪ್ರತ್ಯೇಕಿಸಿ, ಅದೇ ಕ್ಷೇತ್ರದ ಸಮಕಾಲೀನರೊಂದಿಗೆ ಮಾತ್ರ ಹೋಲಿಸಿ.
2. ಹೆಚ್ಚು ಉಲ್ಲೇಖ ಪಡೆದ ಪ್ರಬಂಧವು ವಿಧಾನವೋ, ವಿಮರ್ಶಾತ್ಮಕ ಅವಲೋಕನವೋ, ಹೊಸ ಶೋಧವೋ ಎಂದು ಪರಿಶೀಲಿಸಿ.
3. ಸ್ವಂತ ಉಲ್ಲೇಖಗಳನ್ನು ಬೇರ್ಪಡಿಸಿ. ಒಂದೇ ಹೆಸರಿನ ಇಬ್ಬರ ಪ್ರಬಂಧಗಳು ಒಂದೇ ಪಟ್ಟಿಯಲ್ಲಿ ಸೇರಿವೆಯೇ ಎಂದು ನೋಡಿ. ಆರ್ಕಿಡ್ ಗುರುತಿನ ಸಂಖ್ಯೆ ಇದಕ್ಕೆ ನೆರವಾಗುತ್ತದೆ.
4. ಕನಿಷ್ಠ ಎರಡು ಪ್ರಬಂಧಗಳನ್ನು ಪೂರ್ಣವಾಗಿ ಓದಿ.

ಬಿತ್ತನೆಗೆ ಮುನ್ನ ಬೀಜೋಪಚಾರದ ಕೈಪಿಡಿ ಓದಿ ಅನುಸರಿಸಿದ ರೈತರು ಎಲ್ಲಿಯೂ ಉಲ್ಲೇಖ ಬರೆಯುವುದಿಲ್ಲ. ಆದ್ದರಿಂದ ವಿಸ್ತರಣೆ ಮತ್ತು ಬೋಧನೆಯಲ್ಲಿ ತೊಡಗಿರುವ ಯುವ ವಿಜ್ಞಾನಿಗಳು ತಮ್ಮ ಕೈಪಿಡಿ, ತರಬೇತಿ ಮತ್ತು ಕ್ಷೇತ್ರ ಪ್ರಾತ್ಯಕ್ಷಿಕೆಗಳ ದಾಖಲೆಯನ್ನು ದಿನಾಂಕಸಹಿತ ಕಾಯ್ದಿರಿಸಿಕೊಳ್ಳಿ. ಮೌಲ್ಯಮಾಪನ ಮಾಡುವವರು ಅದನ್ನೂ ಕೇಳಿ ನೋಡಬೇಕು.