ಟಕ್ ಅಂದಿತು, ಕರೆಂಟ್ ಬರಲಿಲ್ಲ

ಕಾರಿನ ಕೀಯನ್ನು ಒಂದೇ ಒಂದು ಹಂತ ತಿರುಗಿಸಿದರೆ ರೇಡಿಯೊ ಹಾಡಬೇಕು, ಮೊಬೈಲ್ ಚಾರ್ಜರಿನ ದೀಪ ಹೊತ್ತಬೇಕು. ಎಂಜಿನ್ ಇನ್ನೂ ಶುರುವಾಗಿರುವುದಿಲ್ಲ. ಕೀ ಸುತ್ತ ಎಸಿಸಿ ಎಂದು ಬರೆದಿರುವ ಹಂತ ಇದು. ಒಂದು ದಿನ ಈ ಹಂತದಲ್ಲಿ ರೇಡಿಯೊ, ಚಾರ್ಜರ್ ಎಲ್ಲವೂ ಒಟ್ಟಿಗೆ ಬಂದ್. ಎಂಜಿನ್ ಮಾತ್ರ ಎಂದಿನಂತೆ ಸ್ಟಾರ್ಟ್ ಆಗುತ್ತದೆ. ಫ್ಯೂಸ್ ಕಿತ್ತು ನೋಡಿದರೆ ಅದರ ತಂತಿ ಗಟ್ಟಿಯಾಗಿಯೇ ಇದೆ. ಎಲೆಕ್ಟ್ರಿಷಿಯನ್ ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿ, ನಮಗೆ ಕೀ ತಿರುಗಿಸಲು ಹೇಳಿ ಕಿವಿಗೊಡುತ್ತಾರೆ. ಒಳಗಿಂದ 'ಟಕ್' ಎಂದು ಸದ್ದು ಬಂದರೆ, "ರಿಲೇ ಚೆನ್ನಾಗಿದೆ ಸಾರ್, ವೈರಿಂಗ್‌ನಲ್ಲೇ ಏನೋ ಆಗಿದೆ" ಎಂಬ ತೀರ್ಪು. ಆಮೇಲೆ ಸ್ಟೀರಿಯೊ ಬಿಚ್ಚುವ ಕೆಲಸ, ವೈರು ಎಳೆಯುವ ಕೆಲಸ, ಅರ್ಧ ದಿನ ಗಾಡಿ ಅಲ್ಲೇ.

ಆ ಟಕ್ ಸದ್ದನ್ನು ಅಷ್ಟು ನಂಬಬಾರದು.

ರಿಲೇ ಎಂದರೆ ಕಾಂತದಿಂದ ನಡೆಯುವ ಸ್ವಿಚ್. ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆಳುವ ಈ ಉಪಾಯವನ್ನು ಅಮೆರಿಕದ ವಿಜ್ಞಾನಿ ಜೋಸೆಫ್ ಹೆನ್ರಿ 1835ರಲ್ಲೇ ಪ್ರಿನ್ಸ್‌ಟನ್ನಿನಲ್ಲಿ ಮಾಡಿ ತೋರಿಸಿದ್ದರು. ಮೊದಲು ಟೆಲಿಗ್ರಾಫಿಗೆ ಒದಗಿದ ಅದೇ ತತ್ವ ನಮ್ಮ ಹೊಲದ ಪಂಪ್‌ಸೆಟ್ಟಿನ ಸ್ಟಾರ್ಟರ್ ಪೆಟ್ಟಿಗೆಯಲ್ಲೂ ಇದೆ. ಹಸಿರು ಗುಂಡಿ ಒತ್ತಿದಾಗ ದಢ್ ಎಂದು ಬಡಿಯುವ ಕಾಂಟ್ಯಾಕ್ಟರ್ ಕಾರಿನ ರಿಲೇಯ ದೊಡ್ಡಣ್ಣ. ಕೀ ಸ್ವಿಚ್ಚಿನೊಳಗಿನ ಬಡಕಲು ಪಾಯಿಂಟುಗಳ ಮೂಲಕ ಇಪ್ಪತ್ತು ಆಂಪಿಯರ್ ಹರಿಸಿದರೆ ಅವು ಬೇಗ ಸುಟ್ಟುಹೋಗುತ್ತವೆ. ಅದಕ್ಕೇ ಕೀ ರಿಲೇಗೆ ಆಜ್ಞೆ ಕೊಡುತ್ತದೆ, ಭಾರ ಹೊರುವುದು ರಿಲೇ.

ಸುಮಾರು ಒಂದಂಗುಲದ ಆ ಕಪ್ಪು ಡಬ್ಬಿಯ ಅಡಿಯಲ್ಲಿ ನಾಲ್ಕು ಕಾಲುಗಳಿರುತ್ತವೆ. ಪಕ್ಕದಲ್ಲಿ 30, 85, 86, 87 ಎಂಬ ಅಂಕಿಗಳು. ಜರ್ಮನಿಯ ಡಿಐಎನ್ 72552 ಮಾನಕದಿಂದ ಬಂದ ಈ ಅಂಕಿಗಳು ಇಂದು ಎಲ್ಲ ಕಡೆ ನಡೆಯುತ್ತವೆ. 85 ಮತ್ತು 86ರ ನಡುವೆ ತಾಮ್ರದ ಸುರುಳಿ. ಅದರ ರೋಧ ಸಾಮಾನ್ಯವಾಗಿ 50ರಿಂದ 120 ಓಮ್. 80 ಓಮ್ ಎಂದಿಟ್ಟುಕೊಂಡರೆ 12 ವೋಲ್ಟಿಗೆ ಅದು ಎಳೆಯುವುದು 150 ಮಿಲಿಆಂಪಿಯರ್ ಮಾತ್ರ. 30ಕ್ಕೆ ಬ್ಯಾಟರಿಯಿಂದ ನೇರ ಕರೆಂಟ್ ಬಂದು ನಿಂತಿರುತ್ತದೆ. ಸುರುಳಿ ಕಾಂತವಾಗಿ ಒಳಗಿನ ಸನ್ನೆಯನ್ನು ಸೆಳೆದಾಗ 30 ಹೋಗಿ 87ಕ್ಕೆ ಕೂಡಿಕೊಳ್ಳುತ್ತದೆ, 87ರಿಂದ ರೇಡಿಯೊ, ಸಾಕೆಟ್ಟುಗಳ ಕಡೆಗೆ ಕರೆಂಟ್ ಹೋಗುತ್ತದೆ. ಹೀಗೆ ಒಂದೇ ಡಬ್ಬಿಯಲ್ಲಿ ಎರಡು ಪ್ರತ್ಯೇಕ ಸರ್ಕೀಟುಗಳು. ಟಕ್ ಸದ್ದು ಸುರುಳಿಯ ಕಡೆಯ ಸುದ್ದಿ. ಸನ್ನೆ ಅಲುಗಿತು ಎನ್ನುವುದಕ್ಕಷ್ಟೇ ಅದು ಸಾಕ್ಷಿ. ಪಾಯಿಂಟಿನ ಕಡೆ ಕರೆಂಟ್ ದಾಟಿತೋ ಇಲ್ಲವೋ ಅದರಿಂದ ತಿಳಿಯುವುದಿಲ್ಲ.

ಹಾಳಾದ ರಿಲೇಯೊಂದರ ಮುಚ್ಚಳವನ್ನು ಸ್ಕ್ರೂಡ್ರೈವರಿನಿಂದ ಎಬ್ಬಿಸಿ ನೋಡಿ. ಎದುರುಬದುರಾಗಿ ಬೆಳ್ಳಿಯ ಮಿಶ್ರಲೋಹದ ಎರಡು ಬಿಲ್ಲೆಗಳು ಕಾಣುತ್ತವೆ. ಹೊಸದರಲ್ಲಿ ಥಳಥಳಿಸುವ ಇವು ಇಲ್ಲಿ ಕಪ್ಪಿಟ್ಟಿರುತ್ತವೆ. ಒಂದರಲ್ಲಿ ಗುಳಿ ಬಿದ್ದಿರುತ್ತದೆ, ಇನ್ನೊಂದರಲ್ಲಿ ಗುಬುಟು ಎದ್ದಿರುತ್ತದೆ. ಒಂದರ ಲೋಹ ಕರಗಿ ಇನ್ನೊಂದಕ್ಕೆ ಹೋಗಿ ಕೂತಿದೆ. ಪಾಯಿಂಟುಗಳು ಬೇರ್ಪಡುವ ಗಳಿಗೆಯಲ್ಲಿ ಹುಟ್ಟುವ ಕಿಡಿಯ ಕೆಲಸ ಇದು. ಮನೆಯ ಎ.ಸಿ. ಕರೆಂಟ್ ಸೆಕೆಂಡಿಗೆ ನೂರು ಸಲ ಸೊನ್ನೆಗೆ ಇಳಿಯುವುದರಿಂದ ಕಿಡಿ ತಾನಾಗಿ ಆರುತ್ತದೆ. ಕಾರಿನ ಡಿ.ಸಿ.ಗೆ ಆ ಬಿಡುವಿಲ್ಲ. ಬೆಳ್ಳಿಯ ನಡುವೆ ಕಿಡಿ ಉರಿಯುತ್ತ ನಿಲ್ಲಲು ಕನಿಷ್ಠ ಸುಮಾರು 12 ವೋಲ್ಟ್ ಬೇಕು. ಎಂಜಿನ್ ಓಡುವಾಗ ಕಾರಿನಲ್ಲಿ ಇರುವುದು 14ರ ಆಸುಪಾಸು. ಅಂದರೆ ನಾವು ಸದಾ ಅಂಚಿನಲ್ಲೇ ಇದ್ದೇವೆ. ಟಯರಿಗೆ ಗಾಳಿ ತುಂಬುವ ಪಂಪನ್ನು ಸಾಕೆಟ್ಟಿಗೆ ಸಿಕ್ಕಿಸಿ, ಅದು ಓಡುತ್ತಿರುವಾಗಲೇ ಕೀ ಆಫ್ ಮಾಡಿದರೆ ಮೋಟರಿನ ಸುರುಳಿಯಲ್ಲಿ ಕೂಡಿಟ್ಟ ಶಕ್ತಿಯೂ ಸೇರಿ ಕಿಡಿ ಇನ್ನಷ್ಟು ಹೊತ್ತು ಉರಿಯುತ್ತದೆ. ಪಂಪಿನ ಸ್ವಿಚ್ಚನ್ನೇ ಮೊದಲು ಆರಿಸುವುದು ಒಳ್ಳೆಯ ಅಭ್ಯಾಸ.

ಹೀಗೆ ಸವೆದ ಪಾಯಿಂಟಿನ ರೋಧ 0.05 ಓಮಿಗೆ ಏರಿತು ಎನ್ನೋಣ. ಕೇಳಲು ಏನೂ ಅಲ್ಲ. ಆದರೆ ಹತ್ತು ಆಂಪಿಯರ್ ಹರಿದಾಗ ಅಲ್ಲೇ ಅರ್ಧ ವೋಲ್ಟ್ ಕಳೆದುಹೋಗುತ್ತದೆ, ಐದು ವಾಟ್ ಶಾಖ ಹುಟ್ಟುತ್ತದೆ. ಆ ಪುಟ್ಟ ಮುಚ್ಚಿದ ಡಬ್ಬಿಯಲ್ಲಿ ಐದು ವಾಟ್ ಕಡಿಮೆಯಲ್ಲ. ಬಿಸಿಗೆ ಲೋಹ ಇನ್ನಷ್ಟು ಕರಕಲಾಗುತ್ತದೆ, ರೋಧ ಮತ್ತೆ ಏರುತ್ತದೆ.

ಇಲ್ಲಿ ಮಲ್ಟಿಮೀಟರ್ ಕೂಡ ದಾರಿ ತಪ್ಪಿಸಬಲ್ಲದು. ಡಿಜಿಟಲ್ ಮೀಟರಿನ ಒಳರೋಧ ಸಾಮಾನ್ಯವಾಗಿ ಹತ್ತು ಮೆಗಾಓಮ್. ಅದು ಎಳೆಯುವ ಕರೆಂಟ್ ಒಂದು ಮೈಕ್ರೋಆಂಪಿಯರಿನ ಆಸುಪಾಸು. ಪಾಯಿಂಟಿನಲ್ಲಿ ಸಾವಿರ ಓಮ್ ರೋಧವಿದ್ದರೂ ಆಚೆ ಬದಿಯಲ್ಲಿ ಮೀಟರ್ 12 ವೋಲ್ಟ್ ಎಂದೇ ತೋರಿಸುತ್ತದೆ. ಆದರೆ ಗ್ಯಾರೇಜಿನ ಹುಡುಗರು ಎರಡು ವೈರು ಕಟ್ಟಿ ಮಾಡಿಕೊಂಡ 21 ವಾಟಿನ ಬಲ್ಬು ಮೋಸ ಹೋಗುವುದಿಲ್ಲ. ಅದು ಒಂದೂಮುಕ್ಕಾಲು ಆಂಪಿಯರ್ ಕೇಳುತ್ತದೆ, ಸಿಗದಿದ್ದರೆ ಹೊತ್ತುವುದಿಲ್ಲ. ಎರಡನ್ನೂ ಸೇರಿಸಿದರೆ ಇನ್ನೂ ಒಳ್ಳೆಯದು. ಬಲ್ಬು ಭಾರವಾಗಿ ಇರಲಿ, ಮೀಟರಿನ ಎರಡು ತುದಿಗಳು 30 ಮತ್ತು 87ರ ಮೇಲೆ ಇರಲಿ. ಸೊನ್ನೆಗೆ ತೀರ ಹತ್ತಿರ ತೋರಿಸಿದರೆ ಪಾಯಿಂಟಿಗೆ ಭಯವಿಲ್ಲ. ಅರ್ಧ ವೋಲ್ಟ್ ಎಂದರೆ ರಿಲೇಯ ಕಾಲ ಮುಗಿಯಿತು. ಪೂರ್ತಿ 12 ಬಂದರೆ ಪಾಯಿಂಟ್ ಕೂಡಿಯೇ ಇಲ್ಲ.

ಟಕ್ ಸದ್ದೇ ಬಾರದಿದ್ದರೆ ದಾರಿ ಬೇರೆ. ರಿಲೇ ಕಿತ್ತು, ಕೀಯನ್ನು ಎಸಿಸಿಯಲ್ಲಿಟ್ಟು, ಸಾಕೆಟ್ಟಿನ 85–86ರ ನಡುವೆ ಅಳೆಯಬೇಕು. 12 ವೋಲ್ಟ್ ಇದೆ ಎಂದಾದರೆ ಆಜ್ಞೆ ಬರುತ್ತಿದೆ, ಸುರುಳಿಯೇ ತುಂಡಾಗಿದೆ. ಇಲ್ಲದಿದ್ದರೆ 86ರಿಂದ ಗಾಡಿಯ ಬಾಡಿಗೆ ಅಳೆಯಿರಿ. ಅಲ್ಲಿ 12 ಸಿಕ್ಕರೆ ಅರ್ಥ್ ಕಡೆ ಕೈಕೊಟ್ಟಿದೆ. ಕರಾವಳಿಯ ಉಪ್ಪುಗಾಳಿಯಲ್ಲಿ, ಮಲೆನಾಡಿನ ಮಳೆಯಲ್ಲಿ ಓಡುವ ಗಾಡಿಗಳಲ್ಲಿ ಅರ್ಥ್ ಬೋಲ್ಟಿನ ಕೆಳಗೆ ತುಕ್ಕು ಹಿಡಿಯುವುದು ಬಹಳ. ಅಲ್ಲೂ ಸಿಗದಿದ್ದರೆ ಕೀ ಸ್ವಿಚ್ಚಿನ ಮೇಲೆ ಅನುಮಾನ.

ಇದಕ್ಕೆ ತದ್ವಿರುದ್ಧದ ಕಾಯಿಲೆಯೂ ಇದೆ. ಕೀ ತೆಗೆದು ಜೇಬಿಗೆ ಹಾಕಿಕೊಂಡರೂ ಸ್ಟೀರಿಯೊ ಆರುವುದಿಲ್ಲ. ಕಿಡಿಗೆ ಕರಗಿದ ಬಿಲ್ಲೆಗಳು ಬೆಸುಗೆ ಹಾಕಿದಂತೆ ಅಂಟಿಕೊಂಡಿವೆ. ಒಂದು ಆಂಪಿಯರ್ ಹೀಗೆ ಸೋರುತ್ತಿದ್ದರೆ 45 ಆಂಪಿಯರ್-ಗಂಟೆಯ ಬ್ಯಾಟರಿ ಎರಡು ದಿನದೊಳಗೆ ಬರಿದು. ಡಬ್ಬಿಗೆ ಸ್ಕ್ರೂಡ್ರೈವರ್ ಹಿಡಿಯಿಂದ ಮೆಲ್ಲಗೆ ಕುಟ್ಟಿದರೆ ಬಿಟ್ಟುಕೊಳ್ಳುವುದುಂಟು, ಆದರೆ ಅಂಥ ರಿಲೇಯನ್ನು ಮತ್ತೆ ನಂಬಿ ಊರು ಬಿಡಬೇಡಿ. ಕೆಲವು ಕಾರುಗಳಲ್ಲಿ 12 ವೋಲ್ಟಿನ ಸಾಕೆಟ್ಟಿಗೆ ಕೀ ಇಲ್ಲದೆಯೂ ಕರೆಂಟ್ ಇರುವಂತೆಯೇ ಮಾಡಿರುತ್ತಾರೆ, ಅದನ್ನು ದೋಷ ಎಂದುಕೊಳ್ಳುವ ಮುನ್ನ ಮ್ಯಾನ್ಯುವಲ್ ನೋಡಿ.

ಏನೂ ಸಲಕರಣೆ ಇಲ್ಲದಿದ್ದರೆ ಹಾರ್ನ್ ರಿಲೇಯನ್ನು ಕಿತ್ತು ಅದಲುಬದಲು ಮಾಡುವುದು ಹಳೆಯ, ಒಳ್ಳೆಯ ಉಪಾಯ. ರೇಡಿಯೊ ಹಾಡಿ ಹಾರ್ನ್ ಸುಮ್ಮನಾದರೆ ಕಳ್ಳ ಸಿಕ್ಕಿದ. ಒಂದೇ ಎಚ್ಚರ: ನೋಡಲು ಒಂದೇ ತರಹದ ರಿಲೇಗಳಲ್ಲಿ 30 ಮತ್ತು 86 ಸ್ಥಾನ ಬದಲಿಸಿಕೊಂಡಿರುವ ಬಗೆಯೂ ಉಂಟು. ಮೈಮೇಲಿನ ನಕ್ಷೆ ಹೊಂದಿದರೆ ಮಾತ್ರ ಸಿಕ್ಕಿಸಿ. ಹೊಸ ಕಾರುಗಳಲ್ಲಂತೂ ಎಸಿಸಿಯ ಹೊಣೆ ಬಾಡಿ ಕಂಟ್ರೋಲ್ ಮಾಡ್ಯೂಲ್ ಎಂಬ ಕಂಪ್ಯೂಟರಿನದು. ಕೆಲವದರಲ್ಲಿ ರಿಲೇಯನ್ನು ಬೋರ್ಡಿಗೇ ಬೆಸೆದಿರುತ್ತಾರೆ, ಕೆಲವದರಲ್ಲಿ ಅದರ ಜಾಗಕ್ಕೆ ಟ್ರಾನ್ಸಿಸ್ಟರ್ ಬಂದಿದೆ. ಅಂಥ ಕಡೆ ಬಲ್ಬಿನ ಪರೀಕ್ಷೆ ಬೇಡ. ಹಳದಿ ಕನೆಕ್ಟರುಗಳು ಏರ್‌ಬ್ಯಾಗಿನವು, ಅವನ್ನು ಮುಟ್ಟಲೇಬೇಡಿ.

ಹೊಸ ರಿಲೇ ಹಾಕಿ ಹದಿನೈದು ದಿನಕ್ಕೆ ಅದೂ ಕೆಟ್ಟರೆ ಅಂಗಡಿಯವರನ್ನು ಬಯ್ಯುವ ಮುನ್ನ ಸಾಕೆಟ್ ನೋಡಿ. 30 ಅಥವಾ 87ರ ಸುತ್ತ ಪ್ಲಾಸ್ಟಿಕ್ ಕಂದಿದ್ದರೆ ಒಳಗಿನ ಹಿತ್ತಾಳೆ ಹಿಡಿಕೆ ಕಾದು ಸಡಿಲಾಗಿದೆ, ಸಾಕೆಟ್ಟನ್ನೇ ಬದಲಿಸಬೇಕು. ಚಾರ್ಜಿಂಗ್ ಸಾಕೆಟ್ಟಿನ ಮುಚ್ಚಳದ ಮೇಲೆ 120 ವಾಟ್ ಎಂದಿದ್ದರೆ ಹತ್ತು ಆಂಪಿಯರ್ ಅದರ ಮಿತಿ. ಅದಕ್ಕೆ ಇನ್ವರ್ಟರ್ ಸಿಕ್ಕಿಸಿ, ಫ್ಯೂಸ್ ಹಾರಿತೆಂದು ದೊಡ್ಡ ಫ್ಯೂಸ್ ಹಾಕಿಸಿಕೊಳ್ಳಬೇಡಿ. 30–87ಕ್ಕೆ ನೇರವಾಗಿ ವೈರು ಸುತ್ತಿ ಕಳಿಸುವ ಎಲೆಕ್ಟ್ರಿಷಿಯನ್ ಬಳಿ ಮತ್ತೆ ಹೋಗಬೇಡಿ. ಬದಲಿಸಿದ ಹಳೆಯ ರಿಲೇಯನ್ನು ಕೇಳಿ ಪಡೆದು, ಮುಚ್ಚಳ ತೆಗೆದು ಒಳಗಿನ ಬಿಲ್ಲೆಗಳನ್ನು ಕಣ್ಣಾರೆ ನೋಡಿ.