ಕೀಲಿಮಣೆಗೆ ಸಿಗದ ಗುಂಡಿಗಳು

2015ರ ನವೆಂಬರಿನಲ್ಲಿ ಮಾಗಡಿ ರಸ್ತೆಯಿಂದ ಮೈಸೂರು ರಸ್ತೆಯವರೆಗಿನ ಮೆಟ್ರೋ ಮಾರ್ಗವು ಪ್ರಾರಂಭವಾದಂದಿನಿಂದ ಅತ್ತಿಗುಪ್ಪೆಗೂ ಒಂದು ನಿಲ್ದಾಣವುಂಟು. ಮೆಟ್ರೋ ನಿಲ್ದಾಣಗಳ ನೆಲದಲ್ಲಿ ಹಾಸಿರುವ ಉಬ್ಬುಹಾಸುಗಳನ್ನು ವಾಚಕರು ಗಮನಿಸಿರಬಹುದು. ಉದ್ದಗೆರೆಯಿದ್ದರೆ ಮುಂದೆ ಸಾಗಬಹುದು. ಉಬ್ಬುಚುಕ್ಕೆಗಳಿದ್ದರೆ ನಿಂತು ಎಚ್ಚರ ವಹಿಸಬೇಕು. ಅಂಧ ಪ್ರಯಾಣಿಕರ ಕೋಲಿಗೂ ಕಾಲಿಗೂ ಇದು ಅರ್ಥವಾಗುವ ಭಾಷೆ. ಜಾಲತಾಣದೊಳಗೆ ಇದೇ ಕೆಲಸವನ್ನು ಮಾಡತಕ್ಕದ್ದು ಕೀಲಿಮಣೆ. ಆ ದಾರಿಯು ಎಲ್ಲಿ, ಏತಕ್ಕೆ ತುಂಡಾಗುತ್ತದೆಂಬುದನ್ನು ಪ್ರಕೃತ ವಿಚಾರಿಸೋಣ.

ಮೌಸನ್ನು ನಡೆಸುವುದಕ್ಕೆ ಕಣ್ಣು ಬೇಕು. ಆದುದರಿಂದ ಕಣ್ಣು ಕಾಣದವರು ಸ್ಕ್ರೀನ್ ರೀಡರ್ ಎಂಬ ಓದುವ ತಂತ್ರಾಂಶವನ್ನೂ ಕೀಲಿಮಣೆಯನ್ನೂ ಆಶ್ರಯಿಸುತ್ತಾರೆ. 2006ರಲ್ಲಿ ಆಸ್ಟ್ರೇಲಿಯದಲ್ಲಿ ಆರಂಭವಾದ ಎನ್‌ವಿಡಿಎ ಇಂತಹದೊಂದು. ಅದು ಉಚಿತವಾಗಿ ದೊರೆಯುತ್ತದೆ. ಟ್ಯಾಬ್ ಕೀಲಿಯನ್ನು ಒತ್ತಿದಂತೆಲ್ಲ ಅದು ಪುಟದಲ್ಲಿನ ಒಂದೊಂದು ಕೊಂಡಿ, ಗುಂಡಿ, ಖಾಲಿ ಚೌಕದ ಮೇಲೆ ನಿಂತು, ಅದರ ಹೆಸರು, ಜಾತಿ, ಸ್ಥಿತಿಗಳನ್ನು ನುಡಿಯುತ್ತದೆ. ಎಂಟರ್ ಅಥವಾ ಸ್ಪೇಸ್ ಕೀಲಿಯಿಂದ ಗುಂಡಿಯು ಕೆಲಸ ಮಾಡುತ್ತದೆ.

ಅತ್ತಿಗುಪ್ಪೆಯಲ್ಲಿ ಕೋಣೆ ಹಿಡಿದಿರುವ ಅಂಧ ವಿದ್ಯಾರ್ಥಿನಿಯೊಬ್ಬಳು ಕಾಲೇಜಿನ ಪ್ರವೇಶದ ಅರ್ಜಿಯನ್ನು ತುಂಬುತ್ತಿರುವಳೆಂದು ಭಾವಿಸೋಣ. ಹೆಸರು, ಅಂಕಗಳು, ವಿಳಾಸ ಎಲ್ಲವೂ ಸುಗಮವಾಗಿ ಸಾಗಿದುವು. ಕಡೆಯಲ್ಲಿ ‘ಸಲ್ಲಿಸು’ ಎಂಬ ಗುಂಡಿಯನ್ನು ಟ್ಯಾಬ್ ಮುಟ್ಟುವುದೇ ಇಲ್ಲ. ನೋಡುವವರಿಗೆ ಅದು ಬಣ್ಣದ ಅಂದವಾದ ಗುಂಡಿ. ಆದರೆ ಪುಟವನ್ನು ರಚಿಸಿದವರು ಎಚ್‌ಟಿಎಂಎಲ್‌ನ ‘ಬಟನ್’ ಎಂಬ ಅಂಗವನ್ನು ಬಳಸದೆ, ಅರ್ಥರಹಿತವಾದ ‘ಡಿವ್’ ಎಂಬ ಚೌಕಕ್ಕೆ ಬಣ್ಣ ಬಳಿದು, ಮೌಸಿನ ಕ್ಲಿಕ್ಕನ್ನು ಮಾತ್ರ ಅದಕ್ಕೆ ಕಟ್ಟಿದ್ದಾರೆ. ಪುಟವನ್ನು ಸಾಲುಸಾಲಾಗಿ ಓದಿಸಿದರೆ ಎನ್‌ವಿಡಿಎ ಕೆಲವೊಮ್ಮೆ ಅಲ್ಲಿ ಒತ್ತಬಹುದಾದುದೇನೋ ಇದೆಯೆಂದು ಸೂಚಿಸೀತು. ಅದು ಊಹೆಯ ದಾರಿ. ಕಡೆಯ ದಿನಾಂಕದ ರಾತ್ರಿ ಊಹೆಯನ್ನು ನಂಬಿ ಕುಳಿತರೆ ಒಂದು ವರ್ಷವೇ ಕೈತಪ್ಪೀತು.

ಡಿವ್‌ನ್ನು ಗುಂಡಿಯಾಗಿ ಪರಿವರ್ತಿಸಬಾರದೆಂದಿಲ್ಲ. ಟ್ಯಾಬ್ ಅಲ್ಲಿ ನಿಲ್ಲುವಂತೆ ಮಾಡಬೇಕು. ‘ಇದು ಗುಂಡಿ’ ಎಂಬ ಪಾತ್ರವನ್ನು ಘೋಷಿಸಬೇಕು. ಎಂಟರ್ ಮತ್ತು ಸ್ಪೇಸ್ ಎರಡಕ್ಕೂ ಉತ್ತರ ಬರೆಯಬೇಕು. ಇವುಗಳಲ್ಲಿ ಯಾವುದನ್ನು ಮರೆತರೂ ಗುಂಡಿಯು ಅರೆಬರೆ. ‘ಬಟನ್’ ಅಂಗವಾದರೋ ಇವೆಲ್ಲವನ್ನೂ ಹುಟ್ಟಿನಿಂದಲೇ ಹೊಂದಿದೆ. ಇಷ್ಟು ಸುಲಭವಾದುದನ್ನು ಬಿಟ್ಟು ಕಷ್ಟವಾದುದನ್ನು ಅಪೂರ್ಣವಾಗಿ ಮಾಡುವ ಪದ್ಧತಿಯು ಹೇಗೆ ರೂಢಿಯಾಯಿತೋ ನಮಗೆ ಆಶ್ಚರ್ಯ.

ಜಿಲ್ಲೆ, ತಾಲ್ಲೂಕುಗಳನ್ನು ಆರಿಸುವ ಇಳಿಪಟ್ಟಿಗಳಲ್ಲಿಯೂ ಇದೇ ದೋಷವುಂಟು. ಪುಟದ ಮೇಲೆ ಧುತ್ತೆಂದು ತೆರೆಯುವ ಸಣ್ಣ ಕಿಟಕಿಯ ಕಷ್ಟ ಬೇರೆ. ಕೀಲಿಯು ಅದರೊಳಗೆ ಪ್ರವೇಶಿಸದೆ ಹಿಂದಿನ ಪುಟದಲ್ಲಿಯೇ ಅಲೆಯಬಹುದು. ಇಲ್ಲವೆ ಒಳಹೊಕ್ಕು ಹೊರಬರಲಾರದೆ ಸಿಕ್ಕಿಕೊಳ್ಳಬಹುದು.

ಜಾಲತಾಣಗಳ ಮಾನದಂಡಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆಯು 2008ರ ಡಿಸೆಂಬರಿನಲ್ಲಿ ಹೊರಡಿಸಿದ ಸೂತ್ರಗಳಲ್ಲಿ ಕೀಲಿಮಣೆಯ ನಿಯಮವು ಕನಿಷ್ಠ ದರ್ಜೆಗೇ ಸೇರಿದೆ. ನಮ್ಮ ದೇಶದಲ್ಲಿ 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯುಂಟು. 2025ರ ಏಪ್ರಿಲ್ 30ರಂದು ಸರ್ವೋಚ್ಚ ನ್ಯಾಯಾಲಯವು ಡಿಜಿಟಲ್ ಸೇವೆಗಳ ಲಭ್ಯತೆಯನ್ನು ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿಗೆ ಸೇರಿದುದೆಂದು ತೀರ್ಪಿತ್ತಿತು.

ಪರೀಕ್ಷೆಗೆ ಯಂತ್ರಜ್ಞರೇ ಬೇಕೆಂದಿಲ್ಲ. ಅಧ್ಯಾಪಕರು ಮೌಸನ್ನು ಬದಿಗಿರಿಸಿ, ತಮ್ಮ ಕಾಲೇಜಿನ ಅರ್ಜಿಯನ್ನು ಮೊದಲಿನಿಂದ ಕಡೆಯವರೆಗೆ ಟ್ಯಾಬಿನಿಂದಲೇ ತುಂಬಿ ನೋಡಲಿ. ಬಳಿಕ ಎನ್‌ವಿಡಿಎಯನ್ನು ಹಚ್ಚಿ, ಪರದೆಯನ್ನು ಆರಿಸಿ, ಮತ್ತೊಮ್ಮೆ ತುಂಬಲಿ. ಗುಂಡಿಯ ಹೆಸರು ಕನ್ನಡದಲ್ಲಿದ್ದರೆ ಪುಟದ ಭಾಷೆ ಕನ್ನಡವೆಂದು ಒಳಗೆ ನಮೂದಿಸಿದೆಯೇ ಎಂಬುದನ್ನೂ ಆಗಲೇ ನೋಡತಕ್ಕದ್ದು. ನಮೂದಿಸದಿದ್ದಲ್ಲಿ ಇಂಗ್ಲಿಷ್ ಧ್ವನಿಯು ‘ಸಲ್ಲಿಸು’ ಎಂಬುದನ್ನು ಸರಿಯಾಗಿ ಉಚ್ಚರಿಸದೆ ಹೋದೀತು.