ಸೀಸೆಯಲ್ಲಿ ನಿಂತ ವಯಸ್ಸು

ಒಳ್ಳೆಯ ದ್ರಾಕ್ಷಾರಸ ಸೀಸೆಯೊಳಗೂ ಪಕ್ವವಾಗುತ್ತದೆ; ವಿಸ್ಕಿ ಹಾಗಲ್ಲ. ಸ್ಕಾಟ್ಲೆಂಡಿನ ವಿಸ್ಕಿ ಕಾನೂನಿನಂತೆ ಓಕ್ ಮರದ ಪೀಪಾಯಿಯಲ್ಲಿ ಕನಿಷ್ಠ 3 ವರ್ಷ ಕಳೆಯಬೇಕು. ಬಣ್ಣ, ಪರಿಮಳಗಳನ್ನು ಬಹುಮಟ್ಟಿಗೆ ಕೊಡುವುದು ಆ ಮರವೇ. ವರ್ಷಕ್ಕೆ ನೂರರಲ್ಲಿ ಸುಮಾರು ಎರಡು ಪಾಲು ಆವಿಯಾಗಿ ಹೋಗುತ್ತದೆ. ಅಲ್ಲಿಯವರು ಇದನ್ನು 'ದೇವದೂತರ ಪಾಲು' ಎನ್ನುವರು. ಸೀಸೆಗಿಳಿದೊಡನೆ ವಯಸ್ಸು ನಿಲ್ಲುತ್ತದೆ. 12 ವರ್ಷದ್ದನ್ನು ಕಪಾಟಿನಲ್ಲಿ 20 ವರ್ಷ ಇಟ್ಟರೂ ಅದು 12 ವರ್ಷದ್ದೇ.

ಹಾಗಿದ್ದೂ ಹಳೆಯ ಸೀಸೆಗೆ ಬೆಲೆ ಏರುವುದೇಕೆ? ದುರ್ಲಭವಾದುದರಿಂದ. 1926ರಲ್ಲಿ ಬಟ್ಟಿಯಿಳಿಸಿದ ಮೆಕ್ಯಾಲನ್‌ನ ಒಂದು ಸೀಸೆ 2023ರಲ್ಲಿ ಲಂಡನ್ನಿನ ಹರಾಜಿನಲ್ಲಿ 21 ಲಕ್ಷ ಪೌಂಡಿಗೂ ಮಿಗಿಲಾದ ಬೆಲೆಗೆ ಹೋಯಿತು. ಅದನ್ನು ಕುಡಿಯುವ ಧೈರ್ಯ ಯಾರಿಗಿದ್ದೀತು! ರುಚಿಯನ್ನೇ ಬಯಸುವವರು, ಪೀಪಾಯಿ ಕೊಂಡು ತಮ್ಮ ಹೆಸರಿನಲ್ಲಿ ಸೀಸೆ ತುಂಬುವ ಸ್ವತಂತ್ರ ವರ್ತಕರಲ್ಲಿ ಅರಸಬೇಕು. ಪ್ರಸಿದ್ಧ ತಯಾರಕರ ಸರಕೇ ಅಲ್ಲಿ ಕೆಲವೊಮ್ಮೆ ಅಗ್ಗಕ್ಕೆ ಸಿಕ್ಕೀತು. ಕೊಂಡದ್ದನ್ನು ನೆಟ್ಟಗೆ ನಿಲ್ಲಿಸಿಡಬೇಕು. ಮಲಗಿಸಿದರೆ ಮದ್ಯದ ತೀಕ್ಷ್ಣತೆಗೆ ಬಿರಡೆ ಶಿಥಿಲವಾದೀತು.